ಚಲಿಸುವ ಚಿತ್ರಕ್ಕೂ ವಿಸಂಧಿದೋಷ

(ಬಾನುಲಿ ಭಾಷಣ)

ಓಲೆಗರಿಗಳ ನಡುವೆ, ಪಾಠಾಂತರಗಳ ಗೊಂದಲದಲ್ಲಿ ಬಾಳಿನ ಬಹುಭಾಗವನ್ನು ಕಳೆದ ನನ್ನಂಥವನು ಕ್ಯಾಮೆರಾದ ಶಟರನ್ನು ಕುರಿತು ಮಾತನಾಡಲು ಹೊರಟರೆ, ಇದೇನು ವಿಪರೀತವೆಂದು ಕೇಳುಗರಿಗೆ ಅನ್ನಿಸಬಹುದು. ಎರಡು ವರ್ಷಗಳ ಹಿಂದೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಆದರೆ ಆ ವರ್ಷದ ಬೇಸಗೆಯಲ್ಲಿ ಉತ್ತರ ಕನ್ನಡದ ಒಂದು ಅಡಕೆಯಂಗಳದಲ್ಲಿ ನನ್ನಿಂದ ಒಂದು ತಪ್ಪು ನಡೆದುಹೋಯಿತು. ಅದು ತಪ್ಪೆಂದು ತಿಳಿಯಲು ಒಂದು ದಿನ ಸಾಕಾಯಿತು. ಎಂಥ ತಪ್ಪೆಂದು ತಿಳಿಯಲು ಮೂರು ವಾರ ಬೇಕಾಯಿತು. ಈಗ ಹೇಳಹೊರಟಿರುವುದು ಆ ಮೂರು ವಾರಗಳಲ್ಲಿ ಕಲಿತದ್ದನ್ನು.

ಬಡಗುತಿಟ್ಟಿನ ಯಕ್ಷಗಾನದಲ್ಲಿ ಒಂದು ಕಾಲಕ್ಕೆ ಪುಂಡುವೇಷಗಳಿಗೆ ಹೆಸರಾಗಿದ್ದ ಒಬ್ಬ ವೇಷಧಾರಿಗಳು ನನಗೆ ಬಹುಕಾಲದ ಪರಿಚಿತರು. ವಯಸ್ಸಿನಲ್ಲಿ ನನಗಿಂತ ನಾಲ್ಕೈದು ವರ್ಷ ಹಿರಿಯರು. ಮೇಳವನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದರೂ ಮನೆಯಂಗಳದಲ್ಲಿ ಮೊಮ್ಮಗಳಿಗೆ ಹೆಜ್ಜೆ ಹೇಳಿಕೊಡುವುದನ್ನು ಬಿಟ್ಟಿರಲಿಲ್ಲ. ಅಭಿಮನ್ಯುವಿನ ಪ್ರವೇಶದ ಕುಣಿತ, ಅದರ ಕೊನೆಯಲ್ಲಿ ನೆಲಕ್ಕೆ ಮಂಡಿಯೂರಿ ಚಕ್ರದಂತೆ ಸುತ್ತುವ ಆ ಮಂಡಿಕುಣಿತ, ಇವೆರಡನ್ನು ಅವರ ದೇಹದಲ್ಲೇ ದಾಖಲು ಮಾಡಿಟ್ಟುಕೊಳ್ಳಬೇಕೆಂಬುದು ನನ್ನ ಹಂಬಲ. ನನ್ನ ತಂಗಿಯ ಮಗನಿಂದ ಒಂದು ಒಳ್ಳೆಯ ಕ್ಯಾಮೆರಾವನ್ನು ಕಡ ತಂದೆ. 'ಮಾವ, ಆಟೊದಲ್ಲಿಟ್ಟು ಕೆಂಪು ಗುಂಡಿ ಒತ್ತಿಬಿಡಿ, ಮಿಕ್ಕದ್ದನ್ನೆಲ್ಲ ಅದೇ ನೋಡಿಕೊಳ್ಳುತ್ತದೆ' ಎಂದು ಅವನು ಧೈರ್ಯ ಹೇಳಿದ್ದ. ನಡುಹಗಲ ಬಿಸಿಲು, ಜಗಲಿಯ ಮೇಲೆ ಭಾಗವತರು, ಮದ್ದಳೆಯವರು, ಅಂಗಳದಲ್ಲಿ ವೇಷವಿಲ್ಲದೆ, ಬರಿಯ ಕಚ್ಚೆಪಂಚೆ ಗೆಜ್ಜೆಗಳಲ್ಲಿ ಅವರು. ಐದು ನಿಮಿಷ ಕುಣಿದರು. ಮಂಡಿ ಸುತ್ತುವಾಗ ನಾನು ಕ್ಯಾಮೆರಾವನ್ನು ಮರೆತು ಅವರನ್ನೇ ನೋಡುತ್ತಿದ್ದೆ. ನೀರಿನ ಸುಳಿಯಂತಿತ್ತು.

ಮಾರನೆಯ ದಿನ ಕಂಪ್ಯೂಟರಿನಲ್ಲಿ ಅದನ್ನು ಹಾಕಿ ನೋಡಿದರೆ ಸುಳಿ ಇಲ್ಲ. ಯಾರೋ ಗೊಂಬೆಯೊಂದನ್ನು ಹಿಡಿದು ಇಷ್ಟಿಷ್ಟೇ ತಿರುಗಿಸಿ ತಿರುಗಿಸಿ ಇಟ್ಟಂತೆ, ಕೈ ಇಲ್ಲಿದ್ದದ್ದು ಥಟ್ಟನೆ ಅಲ್ಲಿ, ಕಾಲು ಅಲ್ಲಿದ್ದದ್ದು ಥಟ್ಟನೆ ಇಲ್ಲಿ. ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳು ಒಂದೇ ಮಾತು ಹೇಳಿದಳು: 'ಅಜ್ಜ ಹೀಗೆ ಕುಣಿಯುವುದಿಲ್ಲ, ಸರ್.' ಆ ಮಾತು ನನಗೆ ಚುಚ್ಚಿತು. ನಾಳೆ ಅಜ್ಜನನ್ನು ಕಾಣದವರು ಈ ಚಿತ್ರವನ್ನು ನೋಡಿ, ಅವರು ಹೀಗೆಯೇ ಕುಣಿಯುತ್ತಿದ್ದರೆಂದು ತಿಳಿದರೆ? ದಾಖಲೆ ಇಲ್ಲದಿರುವುದು ಒಂದು ನಷ್ಟ. ಸುಳ್ಳು ಹೇಳುವ ದಾಖಲೆ ಇರುವುದು ಅದಕ್ಕಿಂತ ದೊಡ್ಡ ನಷ್ಟ.

ಗ್ರಂಥಸಂಪಾದನೆಯಲ್ಲಿ ನಾವು ಮೊದಲು ಕೇಳುವ ಪ್ರಶ್ನೆಯನ್ನೇ ಇಲ್ಲಿಯೂ ಕೇಳಿಕೊಂಡೆ. ಪದ್ಯವೊಂದು ಕೆಟ್ಟು ಕಂಡರೆ, ಕೆಟ್ಟಿರುವುದು ಪ್ರತಿಯೋ, ಓದುವವನ ಕಣ್ಣೋ? ಚಲಿಸುವ ಚಿತ್ರದಲ್ಲಿಯೂ ಮೊದಲು ತಿಳಿಯಬೇಕಾದದ್ದು ಇದು: ದೋಷವಿರುವುದು ಚಿತ್ರೀಕರಣದಲ್ಲೋ, ಅದನ್ನು ತೋರಿಸುವ ಯಂತ್ರದಲ್ಲೋ? ಈಗಿನ ಕ್ಯಾಮೆರಾಗಳು ಬಹು ಸೂಕ್ಷ್ಮವಾದ ಚಿತ್ರಗಳನ್ನು ಬಹು ಬಿಗಿಯಾಗಿ ಮಡಿಸಿಡುತ್ತವೆ. ಆ ಮಡಿಕೆಯನ್ನು ಬಿಚ್ಚುವ ಶಕ್ತಿ ಹಳೆಯ ಕಂಪ್ಯೂಟರುಗಳಿಗೆ ಸಾಲದೆ ಅವು ತಡವರಿಸುವುದುಂಟು. ಅದೇ ಚಿತ್ರವನ್ನು ಕ್ಯಾಮೆರಾದ ಪರದೆಯಲ್ಲಿಯೇ ನೋಡಿದಾಗ ಸರಾಗವಾಗಿ ಓಡಿದರೆ ತಪ್ಪು ಕಂಪ್ಯೂಟರಿನದು. ಚಿತ್ರಕ್ಕೆ ಏನೂ ಆಗಿಲ್ಲ. ನನ್ನ ದುರದೃಷ್ಟ, ಕ್ಯಾಮೆರಾದಲ್ಲಿಯೂ ಅದೇ ಗೊಂಬೆ ಕುಣಿಯಿತು.

ಎರಡನೆಯ ಪರೀಕ್ಷೆ, ಚಿತ್ರವನ್ನು ಒಂದೊಂದೇ ಫ್ರೇಮಿನಂತೆ ಮುಂದೆ ಸರಿಸಿ ನೋಡುವುದು. ಚಲನಚಿತ್ರವೆಂದರೆ ಚಲಿಸದ ಚಿತ್ರಗಳ ಸಾಲು ಎಂಬುದು ನಮಗೆಲ್ಲ ತಿಳಿದದ್ದೇ. ನಮ್ಮ ದೇಶದ ಟೆಲಿವಿಷನ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮುಗಳು, ಸಿನಿಮಾದಲ್ಲಿ 24, ಮೊಬೈಲ್ ಫೋನುಗಳಲ್ಲಿ ಸಾಮಾನ್ಯವಾಗಿ 30. ಈ ಸಾಲನ್ನು ಬಿಡಿಬಿಡಿಯಾಗಿ ನೋಡಿದರೆ ಎರಡು ಬಗೆಯ ರೋಗಲಕ್ಷಣಗಳು ಬೇರೆಬೇರೆಯಾಗಿ ಕಾಣುತ್ತವೆ. ಒಂದೇ ಫ್ರೇಮು ಎರಡು ಸಲ ಬರುತ್ತಿದ್ದರೆ, ಅಥವಾ ನಡುವೆ ಒಂದು ಹಾರಿಹೋಗಿದ್ದರೆ, ಅದು ಲಿಪಿಕಾರನ ತಪ್ಪಿನಂಥದು: ಬರೆದ ಸಾಲನ್ನೇ ಮತ್ತೆ ಬರೆಯುವುದು, ಇಲ್ಲವೆ ಒಂದು ಸಾಲನ್ನು ನುಂಗಿಬಿಡುವುದು. 25ರ ಚಿತ್ರವನ್ನು 30ರ ಸಾಲಿಗೆ ಹೊಂದಿಸಿದಾಗ ಪ್ರತಿ ಐದಕ್ಕೆ ಒಂದು ಫ್ರೇಮು ಇಮ್ಮಡಿಯಾಗುತ್ತದೆ. 30ರದನ್ನು 25ಕ್ಕೆ ಇಳಿಸಿದಾಗ ಪ್ರತಿ ಆರರಲ್ಲಿ ಒಂದು ಮಾಯವಾಗುತ್ತದೆ. ಮದುವೆಯ ವಿಡಿಯೊಗಳಲ್ಲಿ ಕ್ಯಾಮೆರಾದ ತುಣುಕನ್ನೂ ಫೋನಿನ ತುಣುಕನ್ನೂ ಬೆರೆಸಿ ಹೆಣೆದಾಗ ಮೆರವಣಿಗೆ ಅಲ್ಲಲ್ಲಿ ಎಡವುವುದಕ್ಕೆ ಇದೇ ಕಾರಣ. ನಿಧಾನಗತಿಯ ಮೆಮೊರಿ ಕಾರ್ಡಿಗೆ ಬರೆಯುವ ವೇಗ ಸಾಲದೆ ಫ್ರೇಮುಗಳು ಬಿಟ್ಟುಹೋಗುವುದೂ ಉಂಟು. ಇದಕ್ಕೆ ಮದ್ದು ಸುಲಭ: ಆರಂಭದಿಂದ ಕೊನೆಯವರೆಗೆ ಒಂದೇ ಎಣಿಕೆಯನ್ನು ಇಟ್ಟುಕೊಳ್ಳುವುದು, ಒಳ್ಳೆಯ ಕಾರ್ಡು ಕೊಳ್ಳುವುದು.

ನನ್ನ ಚಿತ್ರದಲ್ಲಿ ಯಾವ ಫ್ರೇಮೂ ಮರುಕಳಿಸಿರಲಿಲ್ಲ, ಯಾವುದೂ ಬಿಟ್ಟುಹೋಗಿರಲಿಲ್ಲ. ಮದ್ದಳೆಯ ಪೆಟ್ಟಿಗೂ ಹೆಜ್ಜೆಗೂ ಕೂದಲೆಳೆಯಷ್ಟೂ ಅಂತರವಿರಲಿಲ್ಲ. ಪ್ರತಿ ಫ್ರೇಮೂ ಅದ್ಭುತವಾಗಿತ್ತು. ವೇಗವಾಗಿ ತಿರುಗುವ ಕಾಲಿನ ಗೆಜ್ಜೆಯ ಒಂದೊಂದು ಕಿರುಗುಂಡೂ ಎಣಿಸುವಷ್ಟು ಸ್ಪಷ್ಟ. ಹಣೆಯಿಂದ ಸಿಡಿದ ಬೆವರ ಹನಿ ಮುತ್ತಿನಂತೆ ಗಾಳಿಯಲ್ಲಿ ನಿಂತಿದೆ. ಇಷ್ಟು ಒಳ್ಳೆಯ ಚಿತ್ರಗಳ ಸಾಲು ಇಷ್ಟು ಕೆಟ್ಟ ಚಲನೆಯನ್ನು ಹೇಗೆ ಕೊಟ್ಟಿತು? ಎರಡು ದಿನ ಈ ಪ್ರಶ್ನೆ ನನ್ನನ್ನು ಕಾಡಿತು. ಕೊನೆಗೆ ಹೊಳೆದದ್ದು, ಆ ಸ್ಪಷ್ಟತೆಯೇ ರೋಗವೆಂದು.

ಇಲ್ಲಿ ಸ್ವಲ್ಪ ಲೆಕ್ಕ ಅನಿವಾರ್ಯ. ಸೆಕೆಂಡಿಗೆ 25 ಫ್ರೇಮುಗಳೆಂದರೆ ಒಂದೊಂದಕ್ಕೆ ಸಿಗುವ ಕಾಲ ಒಂದು ಸೆಕೆಂಡಿನ 25ನೆಯ ಒಂದು ಪಾಲು. ಆ ಪಾಲಿನಲ್ಲಿ ಎಷ್ಟು ಹೊತ್ತು ಕ್ಯಾಮೆರಾದ ಕಣ್ಣು ತೆರೆದಿರಬೇಕೆಂಬುದು ಬೇರೆಯದೇ ವಿಷಯ. ಅದನ್ನು ನಿರ್ಧರಿಸುವುದು ಶಟರ್. ಇವೆರಡನ್ನೂ ಒಂದೆಂದು ತಿಳಿಯುವುದೇ ನಮ್ಮಂಥವರ ಮೊದಲ ತಪ್ಪು. ಮರುದಿನ ಅದೇ ಹೊತ್ತಿಗೆ, ಅಂಥದೇ ಬಿಸಿಲಿನಲ್ಲಿ ಕ್ಯಾಮೆರಾವನ್ನು ಆಟೊದಲ್ಲಿಟ್ಟು ಅದರ ಕಿಟಕಿಯ ಅಂಕಿಗಳನ್ನು ಓದಿದೆ. ಶಟರ್ 2000 ಎಂದಿತ್ತು. ಎಂದರೆ ಸೆಕೆಂಡಿನ 2000ದಲ್ಲಿ ಒಂದು ಪಾಲು ಮಾತ್ರ ಕಣ್ಣು ತೆರೆದು, ಮಿಕ್ಕ ಹೊತ್ತು ಮುಚ್ಚಿಕೊಂಡಿರುವುದು. ಪ್ರತಿ ಫ್ರೇಮಿಗೆ ದೊರೆತ ಕಾಲದಲ್ಲಿ 80ರಲ್ಲಿ ಒಂದು ಪಾಲನ್ನು ಅದು ನೋಡಿದೆ. 79 ಪಾಲುಗಳನ್ನು ನೋಡಿಯೇ ಇಲ್ಲ. ಇಡೀ ಐದು ನಿಮಿಷದ ಕುಣಿತದಲ್ಲಿ ನನ್ನ ಕ್ಯಾಮೆರಾ ನಿಜವಾಗಿ ಕಂಡದ್ದು ನಾಲ್ಕು ಸೆಕೆಂಡಿಗೂ ಕಡಿಮೆ! ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ಮುಗಿಸಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಕಣ್ಣು ಹೆಚ್ಚು ಹೊತ್ತು ತೆರೆದಿದ್ದರೆ ಏನಾಗುತ್ತಿತ್ತು? ಬೀಸಿದ ಕೈ ಹೊರಟ ಜಾಗದಿಂದ ತಲುಪಿದ ಜಾಗದವರೆಗೆ ಒಂದು ತೆಳುವಾದ ಮಬ್ಬಾಗಿ ಹರಡಿಕೊಳ್ಳುತ್ತಿತ್ತು. ನಿಂತ ಚಿತ್ರದಲ್ಲಿ ಈ ಮಬ್ಬು ದೋಷ. ಚಲಿಸುವ ಚಿತ್ರದಲ್ಲಿ ಇದೇ ಬೆಸುಗೆ. ಒಂದು ಫ್ರೇಮಿನ ಕೊನೆ ಮುಂದಿನದರ ಆರಂಭದತ್ತ ಕೈಚಾಚುತ್ತದೆ. ವ್ಯಾಕರಣದ ಮೇಷ್ಟರಾದ ನನಗೆ ಇದು ಸಂಧಿಯಲ್ಲದೆ ಮತ್ತೇನು? ಪದಗಳು ಒಂದನ್ನೊಂದು ಮುಟ್ಟುವಲ್ಲಿ ಅಕ್ಷರವೊಂದು ಲೋಪವಾಗಿಯೋ ಆಗಮವಾಗಿಯೋ ಆದೇಶವಾಗಿಯೋ ಮಾತು ಹರಿಯುತ್ತದೆ. ಸಂಧಿಯಾಗಬೇಕಾದೆಡೆ ಆಗದಿದ್ದರೆ ದಂಡಿಯಂಥ ಲಾಕ್ಷಣಿಕರು ಅದನ್ನು ವಿಸಂಧಿಯೆಂದು ಕರೆದು ಕಾವ್ಯದೋಷಗಳ ಪಟ್ಟಿಯಲ್ಲಿ ಸೇರಿಸಿದರು. ನನ್ನ ಚಿತ್ರದಲ್ಲಿ ಒಂದೊಂದು ಪದವೂ ಶುದ್ಧ. ಪದ್ಯ ಮಾತ್ರ ವಿಸಂಧಿ.

ಸಿನಿಮಾದವರು ಇದನ್ನು ನಮಗಿಂತ ಬಹಳ ಹಿಂದೆಯೇ ಕಂಡುಕೊಂಡಿದ್ದರು. ಫಿಲ್ಮಿನ ಕ್ಯಾಮೆರಾದಲ್ಲಿ ಶಟರ್ ಎಂದರೆ ತಿರುಗುವ ಒಂದು ತಟ್ಟೆ. ಅದರಲ್ಲಿ ಅರ್ಧವೃತ್ತದಷ್ಟು, ಎಂದರೆ 180 ಡಿಗ್ರಿ, ತೆರವು. ಅರ್ಧಸುತ್ತಿನಲ್ಲಿ ಬೆಳಕು ಒಳಗೆ ಬರುತ್ತದೆ, ಮಿಕ್ಕ ಅರ್ಧಸುತ್ತಿನಲ್ಲಿ ಕತ್ತಲೆಯ ಮರೆಯಲ್ಲಿ ಫಿಲ್ಮು ಮುಂದಕ್ಕೆ ಸರಿಯುತ್ತದೆ. 24 ಫ್ರೇಮಿನ ಸಿನಿಮಾಕ್ಕೆ ಇದು ಸೆಕೆಂಡಿನ 48ನೆಯ ಒಂದು ಪಾಲಾಯಿತು. ನಮ್ಮ 25ಕ್ಕೆ 50ರಲ್ಲಿ ಒಂದು ಪಾಲು. ಫ್ರೇಮುಗಳ ಎಣಿಕೆಯನ್ನು ಇಮ್ಮಡಿಸಿದರೆ ಬರುವ ಅಂಕಿಯೇ ಶಟರ್ ಆಗಿರಲಿ ಎಂಬ ವಾಡಿಕೆ ಹುಟ್ಟಿದ್ದು ಹೀಗೆ. ಯಂತ್ರದ ಅನುಕೂಲಕ್ಕಾಗಿ ಬಂದದ್ದಾದರೂ ನಮ್ಮ ಕಣ್ಣು ಅದಕ್ಕೇ ಒಗ್ಗಿಹೋಗಿದೆ. ಬೇಕೆಂದೇ ಅದನ್ನು ಮುರಿದವರೂ ಉಂಟು. 1998ರ 'ಸೇವಿಂಗ್ ಪ್ರೈವೇಟ್ ರಯಾನ್' ಚಿತ್ರದ ಸಮುದ್ರತೀರದ ಯುದ್ಧವನ್ನು ಛಾಯಾಗ್ರಾಹಕ ಯಾನುಷ್ ಕಮಿನ್‌ಸ್ಕಿ 45 ಮತ್ತು 90 ಡಿಗ್ರಿಯ ಕಿರಿದಾದ ತೆರವಿನಲ್ಲಿ ಹಿಡಿದ; ಮಣ್ಣಿನ ಕಣಕಣವೂ ಚೂಪಾಗಿ ಸಿಡಿಯುತ್ತದೆ, ಸೈನಿಕರ ಓಟ ತುಂಡುತುಂಡಾಗಿ ನೋಡುವವನ ನರವನ್ನು ಕೀಳುತ್ತದೆ. ಅಲ್ಲಿ ಅದು ರಸಕ್ಕೆ ಪೋಷಕ. ಅಭಿಮನ್ಯುವೂ ಯುದ್ಧಕ್ಕೇ ಹೊರಟವನಾದರೂ ಅವನ ಕುಣಿತಕ್ಕೆ ಈ ಭಯಾನಕ ಸಲ್ಲದು.

ಹಳೆಯ ಮೂಕಿಚಿತ್ರಗಳ ಜನ ಕುಪ್ಪಳಿಸುತ್ತ ನಡೆಯುವುದನ್ನು ನೋಡಿ ನಾವು ನಗುತ್ತೇವಲ್ಲ, ಅದರ ಕಾರಣ ಬೇರೆ. 1895ರ ಡಿಸೆಂಬರ್ 28ರಂದು ಪ್ಯಾರಿಸಿನಲ್ಲಿ ಲೂಮಿಯೇರ್ ಸೋದರರು ಹಣ ಪಡೆದು ತೋರಿಸಿದ, ಮರುವರ್ಷ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ನಮ್ಮ ದೇಶವೂ ಕಂಡ ಆ ಚಿತ್ರಗಳನ್ನು ಕೈಯಿಂದ ಹಿಡಿಕೆ ತಿರುಗಿಸಿ, ಸೆಕೆಂಡಿಗೆ ಹೆಚ್ಚುಕಡಿಮೆ 16 ಫ್ರೇಮುಗಳಂತೆ ಹಿಡಿಯುತ್ತಿದ್ದರು. 1920ರ ದಶಕದ ಕೊನೆಗೆ ಮಾತು ಬಂದಾಗ, ಧ್ವನಿಗೆ ಏರಿಳಿಯದ ವೇಗ ಬೇಕಾಗಿ 24 ನೆಲೆಯಾಯಿತು. 16ರದನ್ನು 24ರಲ್ಲಿ ಓಡಿಸಿದರೆ ಗಂಭೀರವಾಗಿ ನಡೆದವನೂ ಕುಪ್ಪಳಿಸಲೇಬೇಕು. ಆ ಕಾಲದವರು ಹಾಗೆ ನಡೆಯುತ್ತಿರಲಿಲ್ಲ. ದಾಖಲೆ ಸುಳ್ಳು ಹೇಳುವುದಕ್ಕೆ ಇದು ಇನ್ನೊಂದು ಉದಾಹರಣೆ.

ಬಿಡಿಚಿತ್ರಗಳಿಂದ ಚಲನೆ ಹುಟ್ಟುವುದು ಹೇಗೆ ಎಂಬುದನ್ನು ಬೆಲ್ಜಿಯಮ್ಮಿನ ಜೋಸೆಫ್ ಪ್ಲಾಟೋ 1832ರಲ್ಲಿ ತಿರುಗುವ ತಟ್ಟೆಯೊಂದರಿಂದ ತೋರಿಸಿದ. ನೋಟವನ್ನೇ ಧ್ಯಾನಿಸಿದ ಆತ ಮುಂದೆ ಕುರುಡನಾದದ್ದು ವಿಧಿಯ ವ್ಯಂಗ್ಯ. ಕಣ್ಣಿನಲ್ಲಿ ಬಿಂಬ ಉಳಿದುಕೊಳ್ಳುವುದೇ ಕಾರಣವೆಂದು ನಾವು ಶಾಲೆಯಲ್ಲಿ ಓದಿದೆವು. ಅದಷ್ಟೇ ಸಾಲದು, ಎರಡು ಬಿಂಬಗಳ ನಡುವಿನ ಚಲನೆಯನ್ನು ಮನಸ್ಸೇ ಕಟ್ಟಿಕೊಳ್ಳುತ್ತದೆಂದು ಮ್ಯಾಕ್ಸ್ ವರ್ಟ್‌ಹೈಮರ್ 1912ರಲ್ಲಿ ವಾದಿಸಿದ. ಹೆಜ್ಜೆಗೂ ಹೆಜ್ಜೆಗೂ ನಡುವಿನ ದೂರ ಚಿಕ್ಕದಿದ್ದರೆ ಮನಸ್ಸು ಸೇತುವೆ ಕಟ್ಟುತ್ತದೆ. ಮಂಡಿಕುಣಿತದ ಕೈಯಂತೆ ಒಂದು ಫ್ರೇಮಿನಿಂದ ಮತ್ತೊಂದಕ್ಕೆ ಮಾರುದ್ದ ಜಿಗಿದರೆ, ನಡುವೆ ಮಬ್ಬಿನ ಆಸರೆಯೂ ಇಲ್ಲದಿದ್ದರೆ, ಸೇತುವೆ ಮುರಿಯುತ್ತದೆ.

ಇನ್ನು ಉಪಾಯಕ್ಕೆ ಬರೋಣ. ಕ್ಯಾಮೆರಾದ ತಲೆಯ ಮೇಲಿನ ತಿರುಗುಗುಂಡಿಯಲ್ಲಿ ಆಟೊ ಎಂಬುದರ ಹೊರತು ಕೆಲವು ಅಕ್ಷರಗಳಿರುತ್ತವೆ. 'ಎಸ್' ಎಂದೋ, ಕೆಲವದರಲ್ಲಿ 'ಟಿವಿ' ಎಂದೋ ಇರುವುದು ಶಟರನ್ನು ನಮ್ಮ ಕೈಗೆ ಒಪ್ಪಿಸುವ ಕ್ರಮ. ಆ 'ಟಿವಿ' ಟೆಲಿವಿಷನ್ನಿನದೆಂದು ನಾನು ಬಹಳ ದಿನ ತಿಳಿದಿದ್ದೆ. ಅದು 'ಟೈಮ್ ವ್ಯಾಲ್ಯೂ', ಕಾಲದ ಬೆಲೆ. 'ಎಂ' ಎಂಬುದು ಎಲ್ಲವನ್ನೂ ನಾವೇ ನಿರ್ಧರಿಸುವ ಕ್ರಮ. ಓಡುವ ಮನುಷ್ಯನ ಚಿತ್ರವಿರುವ ಆಟೋಟದ ಗುರುತನ್ನು ಕಂಡು, ಕುಣಿತಕ್ಕೆ ಇದೇ ಸರಿಯೆಂದು ಯಾರೂ ಮೋಸಹೋಗಬಾರದು. ಅದು ನಿಂತ ಚಿತ್ರಕ್ಕಾಗಿ ಇರುವಂಥದು, ಶಟರನ್ನು ಇನ್ನಷ್ಟು ವೇಗಗೊಳಿಸುವಂಥದು. ಕೆಲವು ಕ್ಯಾಮೆರಾಗಳಂತೂ 'ಎಸ್' ಎಂದು ಇಟ್ಟರೂ ವಿಡಿಯೊದ ಕೆಂಪು ಗುಂಡಿ ಒತ್ತಿದೊಡನೆ ತಮ್ಮ ಹಳೆಯ ಆಟೊಗೇ ಹೋಗಿಬಿಡುತ್ತವೆ. ಅವುಗಳಲ್ಲಿ ಮೊದಲು ವಿಡಿಯೊದ ಕ್ರಮವನ್ನು ಆರಿಸಿ, ಅದರೊಳಗೆ ಶಟರನ್ನು ಹಿಡಿದಿಡಬೇಕು. ಚಿತ್ರೀಕರಣ ನಡೆಯುತ್ತಿರುವಾಗಲೇ ಅಂಕಿಯನ್ನು ಓದುವುದು ಕ್ಷೇಮ.

ಶಟರನ್ನು 2000ದಿಂದ 50ಕ್ಕೆ ಇಳಿಸಿದೊಡನೆ ಹೊಸ ಸಂಕಟ: ಬೆಳಕು ನಲವತ್ತು ಪಟ್ಟು ಹೆಚ್ಚಾಗಿ ಅಂಗಳವೆಲ್ಲ ಸುಣ್ಣ ಬಳಿದಂತೆ ಬಿಳಿಚಿಹೋಗುತ್ತದೆ. ಬಿಸಿಲಿನಲ್ಲಿ ಆಟೊ ಕ್ಯಾಮೆರಾ ಶಟರನ್ನು ಅಷ್ಟು ವೇಗವಾಗಿಸಿದ್ದು ಈ ಭಯದಿಂದಲೇ. ಅದು ಕೇಡಿಗನಲ್ಲ, ಬೆಳಕೊಂದನ್ನೇ ಲೆಕ್ಕಿಸುವ ಗುಮಾಸ್ತ. ಐಎಸ್ಒ ಎಂಬ ಸಂವೇದನೆಯನ್ನು 100ಕ್ಕೆ ಇಳಿಸಬಹುದು, ಮಸೂರದ ದ್ವಾರವನ್ನು ಕಿರಿದಾಗಿಸಬಹುದು. ಅಷ್ಟಕ್ಕೂ ಬಗ್ಗದಿದ್ದರೆ ಮಸೂರದ ಮುಂದೆ ಎನ್‌ಡಿ ಫಿಲ್ಟರ್ ಎಂಬ ಬೂದುಗಾಜನ್ನು ತಿರುಗಿಸಿ ಕೂರಿಸಬೇಕು. ಬಣ್ಣ ಕೆಡಿಸದೆ ಬೆಳಕನ್ನಷ್ಟೇ ತಗ್ಗಿಸುವ ಗಾಜಿದು, ಕ್ಯಾಮೆರಾಕ್ಕೆ ಬಿಸಿಲಿನ ಕನ್ನಡಕ. 32 ಎಂದು ಬರೆದಿರುವ ಗಾಜು ಮೂವತ್ತೆರಡರಲ್ಲಿ ಒಂದು ಪಾಲು ಬೆಳಕನ್ನು ಮಾತ್ರ ಬಿಡುತ್ತದೆ. ದ್ವಾರವನ್ನು ತುಸು ಕಿರಿದು ಮಾಡಿದರೆ ನನ್ನ ಅಂಗಳಕ್ಕೆ ಅದು ಸಾಕು. ಫೋನುಗಳಲ್ಲಿ ಸಾಮಾನ್ಯವಾಗಿ ದ್ವಾರ ಒಂದೇ ಅಳತೆಯದಾದ್ದರಿಂದ ಅವುಗಳಿಗೆ ಈ ಗಾಜು ಇನ್ನೂ ಅಗತ್ಯ. ಹಣ ಖರ್ಚಿಲ್ಲದ ಉಪಾಯವೂ ಒಂದಿದೆ: ನಡುಹಗಲನ್ನು ಬಿಟ್ಟು ಸಂಜೆಯ ಇಳಿಬೆಳಕಿನಲ್ಲಿ ಕುಣಿಸುವುದು. ಕುಣಿಯುವವರಿಗೂ ಅದೇ ಹಿತ.

ರಾತ್ರಿಯ ಆಟದಲ್ಲಿ ರೋಗ ತಿರುಗುಮುರುಗು. ಬೆಳಕು ಸಾಲದೆ ಆಟೊ ಕ್ಯಾಮೆರಾ ಕಣ್ಣನ್ನು ಅತಿಯಾಗಿ ತೆರೆದಿಡುತ್ತದೆ. ಫೋನಾದರೆ ಕೆಲವೊಮ್ಮೆ ಫ್ರೇಮುಗಳ ಎಣಿಕೆಯನ್ನೇ ಅರ್ಧಕ್ಕೆ ಇಳಿಸಿಬಿಡುತ್ತದೆ. ಆಗ ಕಾಣುವುದು ಕಲಸಿದ ಮಬ್ಬು, ಅದರಲ್ಲೂ ಜಿಗಿತ. ರಾತ್ರಿಯ ಗುರುತಿರುವ ಕ್ರಮವನ್ನು ಬಿಟ್ಟು, ಶಟರನ್ನು 50ಕ್ಕೆ ಕಟ್ಟಿ, ಐಎಸ್ಒ ಏರಿಸಿ, ಚಿತ್ರದಲ್ಲಿ ಕಾಣುವ ಕಾಳುಕಾಳನ್ನು ಸಹಿಸಿಕೊಳ್ಳುವುದು ಮೇಲು. ನಮ್ಮಲ್ಲಿ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಆದ್ದರಿಂದ ಶಟರ್ 50 ಅಥವಾ 100 ಇದ್ದರೆ ಈ ಏರಿಳಿತ ಸರಿಹೊಂದುತ್ತದೆ. ಅಮೆರಿಕದ ಲೆಕ್ಕದ 60ನ್ನು ಇಟ್ಟುಕೊಂಡರೆ ರಂಗಸ್ಥಳದ ಮೇಲೆ ಕಪ್ಪು ಪಟ್ಟೆಗಳು ಹರಿದಾಡುವ ಅಪಾಯವಿದೆ.

ಕ್ಯಾಮೆರಾವನ್ನು ಅತ್ತಿತ್ತ ತಿರುಗಿಸುವಾಗಲೂ ಜಗಲಿಯ ಕಂಬಗಳು ಕುಣಿಯುವುದುಂಟು. ಕಂಬವೊಂದು ಚೌಕಟ್ಟಿನ ಒಂದಂಚಿನಿಂದ ಇನ್ನೊಂದಂಚಿಗೆ ಸೇರಲು ಸುಮಾರು ಏಳು ಸೆಕೆಂಡು ಹಿಡಿಯುವಷ್ಟು ನಿಧಾನವಾಗಿ ತಿರುಗಿಸಬೇಕೆಂದು ಛಾಯಾಗ್ರಾಹಕರ ಒಂದು ಲೆಕ್ಕ. ನನ್ನ ಮಟ್ಟಿಗೆ, ತಿರುಗಿಸದಿರುವುದೇ ವಾಸಿ. ಕುಣಿತವನ್ನು ಕುಣಿಯುವವರಿಗೆ ಬಿಡೋಣ.

ಆದರೆ ಆಗಿಹೋದ ಚಿತ್ರಕ್ಕೆ ಏನು ಮದ್ದು? ಎರಡು ಫ್ರೇಮುಗಳ ನಡುವೆ ಏನಿದ್ದಿರಬಹುದೆಂದು ಊಹಿಸಿ, ಇಲ್ಲದ ಮಬ್ಬನ್ನು ಬರೆಯುವ ತಂತ್ರಾಂಶಗಳಿವೆ. ಅಳಿಯ ಒಂದು ರಾತ್ರಿಯೆಲ್ಲ ಕುಳಿತು ಅದನ್ನು ಓಡಿಸಿದ. ನಡಿಗೆಯ ಭಾಗ ಚೆನ್ನಾಗಿಯೇ ಬಂತು. ಮಂಡಿಯ ಸುತ್ತಿನಲ್ಲಿ ಮಾತ್ರ ಎಡಗೈ ಬಲಗೈಗಳನ್ನು ಯಂತ್ರ ಅದಲುಬದಲು ಮಾಡಿ, ಒಂದೆಡೆ ಅವರಿಗೆ ಮೂರನೆಯ ಕೈಯೊಂದನ್ನು ದಯಪಾಲಿಸಿತು. ನಮ್ಮಲ್ಲಿ ಇದಕ್ಕೆ ಊಹಾಪಾಠವೆನ್ನುತ್ತೇವೆ. ಸಂಪಾದಕನಿಗೆ ಊಹಿಸುವ ಹಕ್ಕಿದೆ, ಮೂಲಪ್ರತಿಯನ್ನು ಅಳಿಸುವ ಹಕ್ಕಿಲ್ಲ. ತಿದ್ದಿದ್ದನ್ನು ಬೇರೆಯಾಗಿಟ್ಟು, ಮೂಲವನ್ನು ಹಾಗೆಯೇ ಉಳಿಸಿದೆ.

ಮೂರು ವಾರದ ಮೇಲೆ ಬೂದುಗಾಜನ್ನು ಕಿಸೆಯಲ್ಲಿಟ್ಟುಕೊಂಡು ಮತ್ತೆ ಆ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕಾಲು ನೀಡಿ ಕುಳಿತಿದ್ದರು. ಬಲಮಂಡಿಗೆ ಎಣ್ಣೆಬಟ್ಟೆ ಸುತ್ತಿತ್ತು. 'ಇನ್ನು ಮಂಡಿ ಹಾಕೂಕೆ ಆಗ, ಮಾಷ್ಟ್ರೇ. ಡಾಕ್ಟ್ರು ಬೇಡ ಅಂದಿದ್ರು' ಎಂದರು. ಅಂದು ಕುಣಿದ ನೋವು ಇಳಿದೇ ಇರಲಿಲ್ಲವಂತೆ. ನನಗೆ ಮಾತು ಹೊರಡಲಿಲ್ಲ. ನನ್ನ ಸಂಕೋಚ ಅವರಿಗೆ ತಿಳಿದಿರಬೇಕು. ಮೊಮ್ಮಗಳನ್ನು ಕರೆದು, ಹಳೆಯ ಚಿತ್ರವನ್ನು ತರಿಸಿ, ತಮ್ಮ ಕಾಲನ್ನು ತಾವೇ ನೋಡತೊಡಗಿದರು. ಆಗ ನಾನು ಎಣಿಸದಿದ್ದ ಒಂದು ಸಂಗತಿ ನಡೆಯಿತು. ಆ ಹುಡುಗಿ ಚಿತ್ರವನ್ನು ಒಂದೊಂದೇ ಫ್ರೇಮಿನಂತೆ ಸರಿಸುತ್ತ, 'ಇಲ್ಲಿ ನೋಡಿ, ಭಾರ ಪೂರ್ತಿ ಎಡಮಂಡಿ ಮೇಲಿದೆ, ನಾನು ಬಲಕ್ಕೆ ಹಾಕುತ್ತಿದ್ದೆ' ಎಂದಳು. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಓಡುವ ಕುದುರೆಯ ನಾಲ್ಕು ಗೊರಸುಗಳೂ ಒಂದು ಕ್ಷಣ ನೆಲಬಿಟ್ಟಿರುವುದನ್ನು ತೋರಿಸಿದ್ದು ಇಂಥ ಚೂಪಾದ, ಬಿಡಿಯಾದ ಚಿತ್ರಗಳಿಂದಲೇ. ನೋಡಲು ಕೆಟ್ಟ ಚಿತ್ರ ಕಲಿಯಲು ಒಳ್ಳೆಯದಾಗಿತ್ತು.

ಆ ಸಂಜೆ ಶಟರನ್ನು 50ಕ್ಕೆ ಕಟ್ಟಿ ಅವಳ ಮಂಡಿಯನ್ನು ಹಿಡಿದೆ. ಅಜ್ಜ ಕುಳಿತಲ್ಲಿಂದಲೇ ತೊಡೆಯ ಮೇಲೆ ತಾಳ ಹಾಕುತ್ತ, 'ತಡಿ, ಅವಸರ ಮಾಡಬೇಡ' ಎನ್ನುತ್ತಿದ್ದರು; ಆ ದನಿಯೂ ಅದರಲ್ಲಿದೆ. ಈಗ ನನ್ನಲ್ಲಿ ಮೂರು ಪ್ರತಿಗಳಿವೆ: ಮೂಲ, ಊಹಾಪಾಠ, ಮೊಮ್ಮಗಳದು. ಮೂರಕ್ಕೂ ಓಲೆಗರಿಯ ಕೊನೆಯಲ್ಲಿ ಲಿಪಿಕಾರ ಬರೆಯುತ್ತಿದ್ದಂತೆ ಒಂದು ಚೀಟಿ ಬರೆದಿಟ್ಟಿದ್ದೇನೆ. ಮೊದಲನೆಯದರ ಚೀಟಿಯಲ್ಲಿ ಹೀಗಿದೆ: 'ಫ್ರೇಮು 25, ಶಟರ್ 2000, ನಡುಹಗಲು. ಇಲ್ಲಿ ಕಾಣುವ ಒಡಕು ಕ್ಯಾಮೆರಾ ಹಿಡಿದವನದು, ಕುಣಿದವರದಲ್ಲ.'